ತಿಗಣೆ ಇದೆ ಎಂದು ಹೇಳಲು ಹಿಡಿದ ನಾಲ್ಕು ತಿಂಗಳು

2023ರ ಅಕ್ಟೋಬರ್ ಮೊದಲ ವಾರದಲ್ಲಿ ಪ್ಯಾರಿಸ್‌ನ ತಿಗಣೆಗಳ ಸುದ್ದಿ ನಮ್ಮ ಪತ್ರಿಕೆಗಳಿಗೂ ಬಂದಿತ್ತು. ಮರುವರ್ಷ ಒಲಿಂಪಿಕ್ಸ್ ನಡೆಸಲು ಸಜ್ಜಾಗುತ್ತಿದ್ದ ಊರಿನಲ್ಲಿ ರೈಲಿನ ಸೀಟುಗಳಲ್ಲೂ ಸಿನಿಮಾ ಮಂದಿರದ ಕುರ್ಚಿಗಳಲ್ಲೂ ತಿಗಣೆ ಕಂಡಿತೆಂದು ಜನ ಗಾಬರಿಯಾಗಿದ್ದರು. ಬೆಳಗಿನ ಕಾಫಿಯ ಹೊತ್ತಿನಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಿದಾಗ ಅಮ್ಮ, "ಅವರಿಗೂ ಬಂತಾ? ಬರಲಿ ಬಿಡು, ನಾವೊಬ್ಬರೇ ಎಷ್ಟು ದಿನ ಅಂತ ಕಚ್ಚಿಸಿಕೊಳ್ಳೋದು" ಎಂದು ನಕ್ಕಿದ್ದರು. ಅದಾಗಿ ಮೂರೂವರೆ ತಿಂಗಳಿಗೆ, ಸಂಕ್ರಾಂತಿಯ ಹಿಂದಿನ ರಾತ್ರಿ, ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯಲ್ಲಿ ಅದೇ ಅಮ್ಮನ ಮಂಚದ ತಲೆಕಡೆಯ ಹಲಗೆಗೆ ಟಾರ್ಚು ಹಿಡಿದುಕೊಂಡು ನಾನು ಮಂಡಿಯೂರಿ ಕೂತಿದ್ದೆ. ಆಗ ನನ್ನ ಬಾಯಿಂದ ಹೊರಟ ಮೊದಲ ಮಾತು, "ಕೆಳಗಿನ ಮನೆಯವರಿಗೆ ಗೊತ್ತಾಗಬಾರದು" ಎಂಬುದು.

ಅದಕ್ಕೆ ಹಿಂದಿನ ಎರಡು ತಿಂಗಳನ್ನು ನಾನು ಬದನೆಕಾಯಿಯ ಮೇಲೆ ಅನುಮಾನಪಡುತ್ತ ಕಳೆದಿದ್ದೆ. ನವೆಂಬರಿನಲ್ಲಿ ನನ್ನ ಮೊಣಕೈಯ ಕೆಳಗೆ ಮತ್ತು ಕತ್ತಿನ ಹಿಂದೆ ಮೂರು ನಾಲ್ಕು ದದ್ದುಗಳು ಒಂದೇ ಸಾಲಿನಲ್ಲಿ, ಯಾರೋ ಪೆನ್ನಿನಿಂದ ಚುಕ್ಕಿ ಇಟ್ಟ ಹಾಗೆ, ಏಳತೊಡಗಿದವು. ಬ್ಯಾಂಕಿನ ಕೌಂಟರಿನಲ್ಲಿ ಕೈ ಚಾಚಿ ಚಲನ್ ತೆಗೆದುಕೊಳ್ಳುವಾಗ ಎದುರಿನವರ ಕಣ್ಣು ಅಲ್ಲಿಗೇ ಹೋಗುತ್ತಿದ್ದುದರಿಂದ ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ. ಚರ್ಮದ ವೈದ್ಯರು ಗಂಧೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದ ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು, ಬೆಳಿಗ್ಗೆ ಹೊಸ ದದ್ದು ಇರುತ್ತಿತ್ತು. ನಂಜಿನ ಪದಾರ್ಥವೆಂದು ಬದನೆಕಾಯಿಯನ್ನು ಬಿಟ್ಟದ್ದಾಯಿತು, ಸೋಪು ಬದಲಾಯಿಸಿದ್ದಾಯಿತು. ಅಮ್ಮ ರಾತ್ರಿ ಎರಡು ಸಲ ಏಳುತ್ತಾರಾದ್ದರಿಂದ ನಾನು ಅವರ ಕೋಣೆಯಲ್ಲೇ ಇನ್ನೊಂದು ಮಂಚದಲ್ಲಿ ಮಲಗುತ್ತೇನೆ. ಅಮ್ಮನ ಮೈಮೇಲೆ ಒಂದು ಗುರುತೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಚ್ಚುವ ಕೀಟ ಯಾವುದಿದ್ದೀತು ಎಂಬ ನನ್ನ ತರ್ಕ ಅಲ್ಲಿಗೇ ನಿಂತುಹೋಯಿತು. ತಿಗಣೆಯ ಕಡಿತಕ್ಕೆ ಎಲ್ಲರ ಚರ್ಮವೂ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ, ಕೆಲವರಿಗೆ ದದ್ದು ಏಳಲು ದಿನಗಳೇ ಹಿಡಿಯುತ್ತವೆ, ಕೆಲವರಿಗೆ ಏಳುವುದೇ ಇಲ್ಲ ಎಂಬುದು ಆಮೇಲೆ ತಿಳಿದ ಸಂಗತಿ. ನಿಜವಾಗಿ ಹೆಚ್ಚು ಕಚ್ಚಿಸಿಕೊಂಡವರು ಅಮ್ಮನೇ. ಗೂಡು ಇದ್ದದ್ದು ಅವರ ಮಂಚದಲ್ಲಿ.

ಗುರುತು ಹಿಡಿದವರೂ ಅವರೇ. ದಿಂಬಿನ ಬಿಳಿ ಕವರಿನ ಅಂಚಿನಲ್ಲಿ ಶಾಯಿಯ ಚುಕ್ಕಿಗಳಂಥ ಕಪ್ಪು ಕಲೆಗಳಿದ್ದವು. ನಾನು ಅವನ್ನು ನೋಡಿಯೂ ಎಷ್ಟೋ ದಿನ ಒಗೆದು ಹಾಕಿದ್ದೆ. ಆ ರಾತ್ರಿ ಅಮ್ಮ ಎಳ್ಳು ಬಿಡಿಸಿ ಬಂದು ಮಲಗಿದವರು ಕತ್ತಿನ ಬಳಿ ಏನೋ ಹರಿದಾಡಿತೆಂದು ಕೈಯಿಂದ ಉಜ್ಜಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು, "ದೀಪ ಹಾಕೇ. ಇದು ಸೊಳ್ಳೆ ಅಲ್ಲ ಕಣೇ, ತಗಣೆ" ಎಂದರು. ತಿಗಣೆಯನ್ನು ಅಮ್ಮ ಅವರ ತಿಪಟೂರಿನ ಬಾಯಿಯಲ್ಲಿ ತಗಣೆ ಎಂದೇ ಅನ್ನುತ್ತಾರೆ. ಅರವತ್ತು ವರ್ಷಗಳ ಹಿಂದೆ ಮೂಸಿದ ವಾಸನೆಯನ್ನು ಅವರು ಕತ್ತಲೆಯಲ್ಲಿ ಗುರುತಿಸಿದ್ದರು. ನನ್ನ ಮೂಗಿಗೆ ಅದು ಬಾಡಿದ ಕೊತ್ತಂಬರಿ ಸೊಪ್ಪಿನ ಹಾಗಿತ್ತು, ಜೊತೆಗೆ ಏನೋ ಕಮಟು. ಆ ಹೋಲಿಕೆ ಬರಿಯ ಊಹೆಯಲ್ಲ. ತಿಗಣೆ ಹೊಸಕಿದಾಗ ಹೊರಬೀಳುವ ವಸ್ತುಗಳೂ ಕೊತ್ತಂಬರಿ ಸೊಪ್ಪಿಗೆ ಅದರ ಗಂಧ ಕೊಡುವ ವಸ್ತುಗಳೂ ಆಲ್ಡಿಹೈಡ್ ಎಂಬ ಒಂದೇ ವರ್ಗಕ್ಕೆ ಸೇರಿದವು. ಇದು ಗೊತ್ತಾದ ಮೇಲೆ ಸಾರಿನ ಒಗ್ಗರಣೆಗೆ ಕೊತ್ತಂಬರಿ ಹಾಕಲು ನನಗೆ ಕೆಲವು ವಾರ ಕೈ ಬರಲಿಲ್ಲ.

ಟಾರ್ಚಿನ ಬೆಳಕಿನಲ್ಲಿ ಕಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಏಕೆಂದರೆ ಏನನ್ನು ಹುಡುಕಬೇಕೆಂದು ಗೊತ್ತಿಲ್ಲದೆಯೇ ನಾನು ಎರಡು ತಿಂಗಳು ಕಳೆದುಕೊಂಡದ್ದು. ತಲೆಕಡೆಯ ಹಲಗೆ ಕಾಲಿಗೆ ಸೇರುವ ಕೀಲಿನಲ್ಲಿ, ಬೋಲ್ಟಿನ ತಲೆಯ ಸುತ್ತ, ಅಗಸೆ ಬೀಜದಂತೆ ಚಪ್ಪಟೆಯಾದ ಕಂದು ಹುಳುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಅವು ಬೆಳೆದ ತಿಗಣೆಗಳು, ಐದರಿಂದ ಏಳು ಮಿಲಿಮೀಟರ್ ಉದ್ದದವು. ಅವುಗಳ ನಡುವೆ ಬಿಳಿ ಎಳ್ಳಿಗಿಂತ ಚಿಕ್ಕದಾದ, ಬಣ್ಣವೇ ಇಲ್ಲದಂಥ ಮರಿಗಳಿದ್ದವು. ಆಗಷ್ಟೇ ರಕ್ತ ಕುಡಿದಿದ್ದ ಒಂದು ಮರಿಯ ಹೊಟ್ಟೆ ಮಾತ್ರ ದಾಳಿಂಬೆಯ ಕಾಳಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಮರದ ಸೀಳಿನೊಳಗೆ ಗಸಗಸೆಯಷ್ಟು ದಪ್ಪದ ಬಿಳಿ ಮೊಟ್ಟೆಗಳು, ಅಂಟು ಹಾಕಿ ಕೂರಿಸಿದಂತೆ, ಉಗುರಿನಿಂದ ಕೆರೆದರೂ ಬೇಗ ಬಾರದಂತೆ ಇದ್ದವು. ಸುತ್ತಲೂ ಕಳಚಿಬಿದ್ದ ಪೊರೆಗಳ ಹೊಟ್ಟು. ಮೊಟ್ಟೆಯಿಂದ ಹೊರಬಂದ ಮರಿ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಅದಕ್ಕೆ ಒಂದು ಹೊಟ್ಟೆ ರಕ್ತ ಬೇಕು. ಆ ಹೊಟ್ಟನ್ನು ನೋಡುತ್ತ ನಾನು ಲೆಕ್ಕ ಹಾಕಿದೆ: ಒಂದೊಂದು ಪೊರೆಯೂ ನನ್ನದೋ ಅಮ್ಮನದೋ ಒಂದು ರಾತ್ರಿ.

ಅಮ್ಮನಿಗೆ ಅಸಹ್ಯವೇನೂ ಆಗಿರಲಿಲ್ಲ. ಅವರ ಬಾಲ್ಯದಲ್ಲಿ ಬೇಸಿಗೆಯ ಭಾನುವಾರಗಳಂದು ಬೀದಿಯವರೆಲ್ಲ ಮಂಚಗಳನ್ನು ಹೊರಗೆ ತಂದು, ಕಾಲನ್ನು ಚಪ್ಪಡಿಗೆ ಕುಟ್ಟಿ, ಉದುರಿದ ತಿಗಣೆಗಳ ಮೇಲೆ ಹಂಡೆಯ ಕುದಿನೀರು ಹೊಯ್ಯುತ್ತಿದ್ದರಂತೆ. ಸಂದಿಯಲ್ಲಿ ಉಳಿದವನ್ನು ಸೂಜಿಯಿಂದ ಎಬ್ಬಿಸುವುದು ಮಕ್ಕಳ ಪಾಲಿನ ಕೆಲಸ. ಆಮೇಲೆ ಕೀಲುಗಳಿಗೆ ಸೀಮೆಎಣ್ಣೆ ಸವರಿ ಮಂಚವನ್ನು ಒಳಗೆ ತೆಗೆದುಕೊಳ್ಳುತ್ತಿದ್ದರು. "ನಮ್ಮನೇಲಿ ಇಷ್ಟು, ನಿಮ್ಮನೇಲಿ ಎಷ್ಟು ಅಂತ ಕೂಗಿ ಕೇಳ್ತಿದ್ರು ಕಣೇ" ಎಂದು ಅಮ್ಮ ಹೇಳಿದಾಗ ಅವರ ದನಿಯಲ್ಲಿ ಒಂದು ರೀತಿಯ ಸಂಭ್ರಮವೇ ಇತ್ತು. ಲಕ್ಷ್ಮಿ ತಾವರೆಯ ಮೇಲೂ ಶಿವ ಹಿಮಾಲಯದಲ್ಲೂ ಹರಿ ಹಾಲ್ಗಡಲಿನಲ್ಲೂ ಮಲಗುವುದು ತಿಗಣೆಯ ಹೆದರಿಕೆಗೇ ಇರಬೇಕು ಎಂಬ ಹಳೆಯ ಸಂಸ್ಕೃತ ಚಾಟುವನ್ನು ಅವರಪ್ಪ ಆ ಭಾನುವಾರಗಳಲ್ಲಿ ಹೇಳುತ್ತಿದ್ದರಂತೆ. ದೇವರಿಗೇ ಇಲ್ಲದ ಮುಜುಗರ ನಮಗೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ನನ್ನ ಊಹೆಯೆಂದರೆ, ನಡುವಿನ ಒಂದಷ್ಟು ದಶಕಗಳು ತಿಗಣೆ ಅಪರೂಪವಾದದ್ದೇ ಕಾರಣ. ಎಲ್ಲರ ಮನೆಯಲ್ಲೂ ಇದ್ದಾಗ ಅದು ಬರಿಯ ಕಾಟ, ಒಬ್ಬರ ಮನೆಯಲ್ಲಿ ಮಾತ್ರ ಇದೆ ಎನ್ನಿಸಿದಾಗ ಅದು ಕಳಂಕ.

ಅಪರೂಪವಾಗಲು ಡಿಡಿಟಿಯ ಪಾತ್ರ ದೊಡ್ಡದು. ಅದು ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಕೊಂಡ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನ ಸೈನಿಕರ ವಸತಿಗಳಲ್ಲಿ ಡಿಡಿಟಿಗೆ ಬಗ್ಗದ ತಿಗಣೆಗಳು ಕಂಡಿದ್ದವು. ಪ್ರಶಸ್ತಿಗಿಂತ ಮೊದಲೇ ಹುಳು ಉತ್ತರ ಕೊಟ್ಟಿತ್ತು ಎನ್ನಬಹುದು. ಡಿಡಿಟಿಯ ನಂತರ ಮನೆಮನೆಗೆ ಬಂದ ಪೈರೆಥ್ರಾಯ್ಡ್ ವರ್ಗದ ಔಷಧಿಗಳದ್ದೂ ಅದೇ ಕತೆ. ಎರಡೂ ಕೀಟದ ನರದ ಒಂದೇ ಜಾಗಕ್ಕೆ ಹೊಡೆಯುವುದರಿಂದ, ಅಲ್ಲಿ ಆದ ಸಣ್ಣ ಮಾರ್ಪಾಟು ಎರಡರಿಂದಲೂ ರಕ್ಷಣೆ ಕೊಡುತ್ತದೆ. ಅಂಗಡಿಯಿಂದ ತಂದ ಸ್ಪ್ರೇಯನ್ನು ಎದುರಿಗೇ ಹೊಡೆದರೂ ತಿಗಣೆ ಸಾವಧಾನವಾಗಿ ನಡೆದುಹೋಗುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಇಷ್ಟೆಲ್ಲ ಆಮೇಲೆ ಓದಿಕೊಂಡದ್ದು. ಸಂಕ್ರಾಂತಿಯ ಆ ರಾತ್ರಿ ನಾವು ಮಾಡಿದ್ದು ಒಂದೇ ಕೆಲಸ, ಮತ್ತು ಅದು ಈಗಲೂ ನನ್ನ ಮನಸ್ಸಿನಲ್ಲಿ ಚುಚ್ಚುವ ಕೆಲಸ. ನನ್ನ ಮಂಚದ ತೆಂಗಿನ ನಾರಿನ ಹಾಸಿಗೆಯ ಹೊಲಿಗೆಯಲ್ಲೂ ಹುಳುಗಳು ಕಂಡದ್ದರಿಂದ ನಮ್ಮವರೂ ನಾನೂ ಹನ್ನೊಂದೂವರೆಗೆ ಬೀದಿಯ ದೀಪಗಳನ್ನು ತಪ್ಪಿಸಿಕೊಂಡು ಅದನ್ನು ಹೊತ್ತೊಯ್ದು ಮೂಲೆಯ ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಿಸಿ ಬಂದೆವು. ಕೊಂಡು ಎರಡು ವರ್ಷವೂ ಆಗಿರದ, ನೀಲಿ ಹೂವಿನ ಬಟ್ಟೆಯ ಹಾಸಿಗೆ. ಬೆಳಿಗ್ಗೆ ಬಾಲ್ಕನಿಯಿಂದ ನೋಡಿದರೆ ಎದುರಿನ ಕಟ್ಟಡದ ಕಾಮಗಾರಿಯ ಕಾವಲುಗಾರ, ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ತಗಡಿನ ಶೆಡ್ಡಿನಲ್ಲಿ ಇರುವವನು, ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಮಕ್ಕಳು ಹಿಂದೆ ಕುಣಿಯುತ್ತ ಓಡುತ್ತಿದ್ದವು. ಕೂಗಿ ಹೇಳಬೇಕಿತ್ತು. ಕೆಳಗಿನ ಮನೆಯ ಮೀನಾಕ್ಷಿ ಅವರು ರಂಗೋಲಿ ಹಾಕುತ್ತಿದ್ದರು. ನಾನು ಒಳಗೆ ಹೋಗಿ ಎಳ್ಳು ಬೆಲ್ಲದ ಪೊಟ್ಟಣ ಕಟ್ಟಿದೆ.

ಹುಳು ಬಂದದ್ದು ಎಲ್ಲಿಂದ ಎಂಬ ವಿಚಾರಣೆ ಮನೆಯಲ್ಲಿ ಒಂದು ವಾರ ನಡೆಯಿತು. ಮಾರತಹಳ್ಳಿಯ ಪಿಜಿಯಿಂದ ದಸರಾ ರಜೆಗೆ ಬಂದಿದ್ದ ಮಗಳ ಚೀಲ, ನಮ್ಮವರು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದ ಬೆತ್ತದ ಕುರ್ಚಿ, ನಾನು ಧರ್ಮಸ್ಥಳಕ್ಕೆ ಹೋಗಿಬಂದ ಸ್ಲೀಪರ್ ಬಸ್ಸು, ಹೀಗೆ ಮೂವರು ಆರೋಪಿಗಳಿದ್ದರು. ಗರ್ಭ ಕಟ್ಟಿದ ಒಂದೇ ಒಂದು ಹೆಣ್ಣು ತಿಗಣೆ ಸಾಕು ಎಂದ ಮೇಲೆ ಈ ವಿಚಾರಣೆಗೆ ಅರ್ಥವಿಲ್ಲ. ಮಗಳು ಒಂದು ತಿಂಗಳು ಮನೆಗೆ ಬರಲಿಲ್ಲ, ಅಷ್ಟೇ ಫಲ.

ಫೆಬ್ರವರಿಯಲ್ಲಿ ಕೀಟ ನಿಯಂತ್ರಣದವರನ್ನು ಕರೆಸಿದೆವು. ಬರುವಾಗ ಕಂಪನಿಯ ಹೆಸರಿರುವ ಅಂಗಿ ಹಾಕಿಕೊಳ್ಳಬೇಡಿ ಎಂದು ನಾನು ಫೋನಿನಲ್ಲಿ ಕೇಳಿಕೊಂಡದ್ದನ್ನು ಈಗ ನೆನೆದರೆ ನಗು ಬರುತ್ತದೆ. ಬಂದ ಹುಡುಗ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಇಪ್ಪತ್ತು ನಿಮಿಷದಲ್ಲಿ ಎರಡು ಕೋಣೆಗೆ ಔಷಧಿ ಹೊಡೆದು, ಮಂಚವನ್ನು ಬಿಚ್ಚಿಸದೆ ಮೇಲುಮೇಲೆ ಒದ್ದೆ ಮಾಡಿ, ಆರು ತಿಂಗಳ ಗ್ಯಾರಂಟಿಯ ಚೀಟಿ ಕೊಟ್ಟು ಹೋದ. ಹನ್ನೆರಡು ದಿನ ನೆಮ್ಮದಿಯಾಗಿತ್ತು. ಹದಿಮೂರನೆಯ ಬೆಳಿಗ್ಗೆ ಮೊಣಕೈಯ ಮೇಲೆ ಮತ್ತೆ ಮೂರು ಚುಕ್ಕಿ. ಅದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮ ಹವೆಯಲ್ಲಿ ತಿಗಣೆಯ ಮೊಟ್ಟೆ ಒಡೆಯಲು ಆರರಿಂದ ಹತ್ತು ದಿನ ಸಾಕು. ಸಿಂಪಡಿಸಿದ ಔಷಧಿ ಮೊಟ್ಟೆಯ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ, ಎರಡು ವಾರದ ಅಂತರದಲ್ಲಿ ಎರಡನೆಯ ಸಲ ಬಾರದೆ ಯಾವ ಗ್ಯಾರಂಟಿಗೂ ಬೆಲೆಯಿಲ್ಲ. ಎರಡನೆಯ ಭೇಟಿಗೆ ಅವರು ಬೇರೆ ಹಣ ಕೇಳಿದರು.

ಪರಿಚಯದವರೊಬ್ಬರು ದಿನಸಿ ಗೋದಾಮಿನಲ್ಲಿ ಬಳಸುವ ಗುಳಿಗೆ ತಂದುಕೊಡುತ್ತೇನೆ, ಕೋಣೆ ಮುಚ್ಚಿ ಎರಡು ಗುಳಿಗೆ ಇಟ್ಟರೆ ಮುಗಿಯಿತು ಎಂದರು. ಇಲ್ಲಿ ಮಾತ್ರ ನಾನು ಹಠ ಹಿಡಿದೆ. ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಆ ಅನಿಲಕ್ಕೆ ಪ್ರತಿವಿಷವಿಲ್ಲ, ಬಾಗಿಲ ಸಂದಿಯಿಂದ ಪಕ್ಕದ ಮನೆಗೂ ಅದು ನುಸುಳುತ್ತದೆ. ಮನೆ ಬಳಕೆಗೆಂದು ಅದನ್ನು ಮಾರುವಂತೆಯೇ ಇಲ್ಲ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಡುವ ಗಾದೆ ನಮ್ಮಲ್ಲಿದೆ. ತಿಗಣೆಯ ಮೇಲಿನ ಸಿಟ್ಟಿಗೆ ಮಲಗುವ ಕೋಣೆಯಲ್ಲಿ ಈ ಗುಳಿಗೆ ಇಡುವವರು ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತಾರೆ, ಏಕೆಂದರೆ ಬೆಂಕಿಯಾದರೂ ಕಣ್ಣಿಗೆ ಕಾಣುತ್ತದೆ.

ಉಳಿದದ್ದು ಕೈಕೆಲಸದ ದಾರಿ. ಬಿಸಿಲಿಗೆ ಹಾಕಿದರೆ ಸಾಯುತ್ತವೆ ಎಂಬ ನಂಬಿಕೆಯನ್ನು ಮೊದಲು ಕೈಬಿಟ್ಟೆ. 48 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಳೆದ ತಿಗಣೆ ಸಾಯಲು ಸುಮಾರು 20 ನಿಮಿಷ ಬೇಕು, ಮೊಟ್ಟೆಗಾದರೆ 90 ನಿಮಿಷ. ಬೆಂಗಳೂರಿನ ದಾಖಲೆಯ ಅತಿ ಹೆಚ್ಚು ಉಷ್ಣಾಂಶವೇ 39.2 ಡಿಗ್ರಿ, ಅದೂ 2016ರ ಏಪ್ರಿಲಿನ ಒಂದು ದಿನ. ತಾರಸಿಯ ಮೇಲೆ ಹರಡಿದ ಹಾಸಿಗೆಯ ಮೇಲುಬಟ್ಟೆ ಎಷ್ಟೇ ಸುಟ್ಟರೂ ಹುಳು ನೆರಳಿನ ಮಗ್ಗುಲಿಗೆ ಸರಿದು ಸಂಜೆ ನಮ್ಮೊಂದಿಗೇ ಕೆಳಗಿಳಿಯುತ್ತದೆ. ಹಾಗಾಗಿ ಬಿಸಿಯನ್ನು ನಾವೇ ಅದರ ಬಳಿಗೆ ಒಯ್ಯಬೇಕು. ಮಂಚಗಳನ್ನು ಬೋಲ್ಟು ಬೋಲ್ಟು ಬಿಚ್ಚಿದೆವು. ಸಂದಿಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಅದರ ಚೀಲವನ್ನು ಆಗಲೇ ಗಂಟು ಕಟ್ಟಿ ಹೊರಗೆ ಹಾಕಿ, ಬಟ್ಟೆಗೆ ಹಬೆ ಹಿಡಿಯುವ ಸ್ಟೀಮರನ್ನು ಪ್ರತಿ ಕೀಲಿನ ಮೇಲೂ ಆಮೆಯ ವೇಗದಲ್ಲಿ ಸರಿಸಿದೆವು. ಬೇಗ ಸರಿಸಿದರೆ ಮೇಲ್ಭಾಗ ಮಾತ್ರ ಬಿಸಿಯಾಗುತ್ತದೆ, ಒಳಗಿನ ಮೊಟ್ಟೆಗೆ ಏನೂ ಆಗುವುದಿಲ್ಲ. ಗೋಡೆಯ ಬಿರುಕುಗಳಿಗೆ ಪುಟ್ಟಿ ತುಂಬಿ, ಸ್ವಿಚ್ ಬೋರ್ಡಿನ ಹಿಂದಿನ ಸಂದಿಗಳಿಗೆ ಕರೆಂಟ್ ತೆಗೆದು ಸಿಲಿಕಾ ಪುಡಿಯನ್ನು ತೆಳ್ಳಗೆ ಊದಿಸಿದೆವು. ಆ ಪುಡಿ ವಿಷವಲ್ಲ. ಹುಳುವಿನ ಮೈಮೇಲಿನ ಮೇಣದಂಥ ಪದರವನ್ನು ಅದು ಹೀರಿಕೊಳ್ಳುತ್ತದೆ, ಹುಳು ಒಣಗಿ ಸಾಯುತ್ತದೆ. ಹೀಗೆ ಸಾಯುವುದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದು ಅದಕ್ಕೆ ಸುಲಭವಲ್ಲ. ನಮ್ಮ ಶ್ವಾಸಕ್ಕೂ ಆ ಪುಡಿ ಒಳ್ಳೆಯದಲ್ಲವಾದ್ದರಿಂದ ಮಾಸ್ಕ್ ಹಾಕಿಕೊಂಡೇ ಮಾಡಬೇಕು.

ಬಿಸಿನೀರಿಗೆ ಹಾಕಲಾಗದ ವಸ್ತುಗಳನ್ನು ಫ್ರೀಜರಿಗೆ ಹಾಕಿದೆ. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ. ಅಮ್ಮನ ಜಪಮಣಿಯ ಚೀಲ, ಕನ್ನಡಕದ ಪೆಟ್ಟಿಗೆ, ಐವತ್ತು ವರ್ಷದಿಂದ ದೇವರನಾಮಗಳನ್ನು ಬರೆದುಕೊಂಡು ಬಂದ ನೋಟುಪುಸ್ತಕ, ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಯಿತುರಿಯ ಡಬ್ಬಿಯ ಪಕ್ಕ ಇಟ್ಟಿದ್ದೆ. ಏಕಾದಶಿಯ ದಿನ ಅಮ್ಮ ಬಂದು, "ನನ್ನ ದಾಸರಿಗೆ ನೆಗಡಿ ಆಗಿರುತ್ತೆ, ಈಚೆ ತೆಗಿ" ಎಂದರು. ಇನ್ನೂ ಒಂದು ದಿನ ಬಾಕಿ ಇತ್ತು. ಕೊಡಲಿಲ್ಲ.

ಎಲ್ಲಕ್ಕಿಂತ ಕಷ್ಟದ ನಿಯಮವೆಂದರೆ ಅದೇ ಮಂಚದಲ್ಲಿ ಮಲಗುವುದು. ಕಚ್ಚಿಸಿಕೊಂಡವರು ಮೊದಲು ಮಾಡುವ ಕೆಲಸ ಹಾಸಿಗೆ ಎತ್ತಿಕೊಂಡು ಹಾಲಿಗೆ ಬರುವುದು. ತಿಗಣೆ ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡನ್ನೂ ಮೈಯ ಬಿಸಿಯನ್ನೂ ಹಿಡಿದು ಹುಡುಕಿಕೊಂಡು ಬರುವ ಹುಳು, ಆದ್ದರಿಂದ ನಾವು ಹಾಲಿಗೆ ಬಂದರೆ ಅದೂ ಹಾಲಿಗೆ ಬರುತ್ತದೆ. ಮನೆ ಬಿಟ್ಟು ಒಂದು ತಿಂಗಳು ಊರಿಗೆ ಹೋದರೂ ಪ್ರಯೋಜನವಿಲ್ಲ, ಉಪವಾಸ ಅದಕ್ಕೆ ಹೊಸತಲ್ಲ, ಬೆಳೆದ ಹುಳು ತಿಂಗಳುಗಟ್ಟಲೆ ಕಾಯಬಲ್ಲದು. ಹಾಗಾಗಿ ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಹೊದಿಕೆ ನೆಲಕ್ಕೆ ತಾಗದಂತೆ ಸಿಕ್ಕಿಸಿ, ಹೊಸ ಹಾಸಿಗೆಗೆ ಜಿಪ್ ಇರುವ ಮುಚ್ಚುಗವಸು ತೊಡಿಸಿ, ನಾನೇ ಗಾಳದ ಎರೆಯಾಗಿ ಮಲಗಬೇಕಾಯಿತು. ನಸುಕಿನ ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ತಲೆಗೂದಲು ಕತ್ತಿಗೆ ತಾಗಿದರೂ ಟಾರ್ಚು ಹಾಕುತ್ತಿದ್ದೆ. ತಿಗಣೆಯಿಂದ ರೋಗ ಹರಡುವುದು ಕಂಡುಬಂದಿಲ್ಲ ಎಂದು ಬರೆಯುವವರು, ನಿದ್ದೆ ಕೆಟ್ಟವರ ಮುಖವನ್ನು ಒಂದು ಸಲ ನೋಡಿ ಆಮೇಲೆ ಬರೆಯಬೇಕು.

ಮಂಚದ ಕಾಲುಗಳ ಕೆಳಗೆ ಬಟ್ಟಲುಗಳನ್ನಿಟ್ಟಾಗ ಅಮ್ಮ ಅವನ್ನು ತಟ್ಟನೆ ಗುರುತಿಸಿದರು. ಹಿಂದಿನ ಕಾಲದಲ್ಲಿ ಹಾಲು ಮೊಸರಿನ ಕಪಾಟಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಕಲ್ಲುಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಈಗ ಅದು ಪ್ಲಾಸ್ಟಿಕ್ಕಿನದಾಗಿ, ಹತ್ತಲು ಬರುವ ಹುಳು ಜಾರಿ ಬೀಳುವಂತೆ ನುಣುಪಾದ ಗೋಡೆಯದಾಗಿ ಬಂದಿದೆ. ಇದರಲ್ಲಿ ನಮ್ಮ ನಾಡಿನವರಿಗೆ ಒಂದು ತೊಡಕಿದೆ. ಉಷ್ಣವಲಯದ ನಾಡುಗಳ ತಿಗಣೆ, ಸಿಮೆಕ್ಸ್ ಹೆಮಿಪ್ಟೆರಸ್ ಎಂಬುದು, ಚಳಿನಾಡಿನ ತಿಗಣೆಗಿಂತ ನುಣುಪಿನ ಮೇಲೆ ಚೆನ್ನಾಗಿ ಹತ್ತುತ್ತದೆ. ಅದರ ಕಾಲಿನ ಅಂಟುರೋಮಗಳ ರಚನೆಯೇ ಹಾಗೆ. ಹೊರಗಿನಿಂದ ತರಿಸಿದ ಬಟ್ಟಲನ್ನು ನಂಬದೆ ನಾನು ಸೋಪಿನ ನೀರು ಹಾಕಿದೆ. ಪ್ರತಿ ಭಾನುವಾರ ಬಟ್ಟಲಿನಲ್ಲಿ ಬಿದ್ದದ್ದನ್ನು ಎಣಿಸಿ ಹಾಲಿನ ಕ್ಯಾಲೆಂಡರಿನ ಮೇಲೆ ಬರೆದೆ: ಹನ್ನೊಂದು, ಒಂಬತ್ತು, ನಾಲ್ಕು, ಏಳು. ಆ ಏಳನ್ನು ಬರೆದ ದಿನ ಅತ್ತುಬಿಟ್ಟೆ.

ಏಳು ಎಲ್ಲಿಂದ ಬಂತು ಎಂಬುದು ಗೊತ್ತಾದದ್ದು ನೀರಿನ ದೆಸೆಯಿಂದ. ಅದು 2024ರ ಮಾರ್ಚ್, ಬೋರ್‌ವೆಲ್‌ಗಳು ಒಣಗಿ ಬೆಂಗಳೂರು ಟ್ಯಾಂಕರಿನ ಹಿಂದೆ ಓಡುತ್ತಿದ್ದ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದ ತಿಂಗಳು. ನಮ್ಮ ಕಟ್ಟಡದ ಮೂರು ಮನೆಗಳಿಗೂ ಒಂದೇ ಸಂಪು. ಇಂಥ ಹೊತ್ತಿನಲ್ಲಿ ನಾನು ಮೂರು ದಿನಕ್ಕೊಮ್ಮೆ ಹೊದಿಕೆ, ಮೇಲ್ಹಾಸು, ಪರದೆಗಳನ್ನೆಲ್ಲ 60 ಡಿಗ್ರಿಯ ನೀರಿನಲ್ಲಿ ಒಗೆಯುತ್ತಿದ್ದೆ. ಒಂದು ಸಂಜೆ ಮೀನಾಕ್ಷಿ ಅವರು ಮೆಟ್ಟಿಲಲ್ಲೇ ತಡೆದು, "ಬೇಜಾರ್ ಮಾಡ್ಕೋಬೇಡಿ, ದಿನಾ ಇಷ್ಟೊಂದು ಬಟ್ಟೆ ಒಗೆದ್ರೆ ಟ್ಯಾಂಕರ್ ದುಡ್ಡು ಮೂರು ಭಾಗ ಮಾಡೋದು ಹೇಗೆ ಹೇಳಿ" ಎಂದರು. ಸುಳ್ಳು ಹೇಳಲು ಬಾಯಿ ತೆರೆದೆ. ಅಮ್ಮನಿಗೆ ಹುಷಾರಿಲ್ಲ ಎನ್ನಬಹುದಿತ್ತು. ಆದರೆ ನಾಲ್ಕು ತಿಂಗಳು ಸರಿಯಾಗಿ ಮಲಗದವಳಿಗೆ ಸುಳ್ಳು ಕಟ್ಟುವಷ್ಟೂ ತ್ರಾಣ ಉಳಿದಿರಲಿಲ್ಲ. "ತಿಗಣೆ" ಎಂದೆ.

ಅವರು ನನ್ನ ಮುಖ ನೋಡಿದರು, ಮೆಟ್ಟಿಲ ಕೆಳಗೆ ಒಮ್ಮೆ ಬಗ್ಗಿ ನೋಡಿದರು, ಆಮೇಲೆ ದನಿ ಇಳಿಸಿ, "ನಿಮ್ಮಲ್ಲೂನಾ?" ಎಂದರು.

ಅವರಲ್ಲಿ ದೀಪಾವಳಿಯಿಂದ ಇತ್ತು. ಮೊಮ್ಮಗುವಿನ ತೊಟ್ಟಿಲಿಗೂ ಹತ್ತಿತ್ತು. ಅವರೂ ಒಬ್ಬರನ್ನು ಕರೆಸಿ ಔಷಧಿ ಹೊಡೆಸಿದ್ದರು, ಅದೂ ನಾವು ಊರಿಗೆ ಹೋಗಿದ್ದ ದಿನ ನೋಡಿಕೊಂಡು. ವೈರಿಂಗಿನ ಪೈಪುಗಳಲ್ಲಿ, ಗೋಡೆಯ ಬಿರುಕುಗಳಲ್ಲಿ ತಿಗಣೆ ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡುತ್ತದೆ. ಅವರು ಹೊಡೆಸಿದಾಗ ಮೇಲಕ್ಕೆ, ನಾವು ಹಬೆ ಹಿಡಿದಾಗ ಕೆಳಕ್ಕೆ, ನಮ್ಮಿಬ್ಬರ ಮರ್ಯಾದೆಯ ನಡುವೆ ಅವು ಆರಾಮವಾಗಿ ಹತ್ತಿ ಇಳಿಯುತ್ತಿದ್ದವು. ಯಾರ ಮನೆಯಿಂದ ಮೊದಲು ಹೊರಟದ್ದು ಎಂಬ ಪ್ರಶ್ನೆ ಇಬ್ಬರ ಕಣ್ಣಿನಲ್ಲೂ ಒಂದು ಕ್ಷಣ ಬಂದು ಹೋಯಿತು. ಕೇಳಲಿಲ್ಲ, ಅವರೂ ಕೇಳಲಿಲ್ಲ. ಹಿಂದಿನ ಮನೆಯ ಹುಡುಗರನ್ನು ವಿಚಾರಿಸಿದರೆ ಅವರು ಅದನ್ನು ಸೊಳ್ಳೆ ಎಂದುಕೊಂಡು ಮೂರು ಬತ್ತಿ ಹಚ್ಚಿ ಮಲಗುತ್ತಿದ್ದರು.

ಓನರ್ ಹಣ ಕೊಡಲು ಒಪ್ಪಲಿಲ್ಲ, ಮೂರು ಮನೆಯವರೂ ಹಂಚಿಕೊಂಡೆವು. ಈ ಸಲ ಬಂದವರು ಹಿರಿಯರು, ಮಂಚ ಬಿಚ್ಚದೆ ಔಷಧಿಯ ಡಬ್ಬಿಯನ್ನೇ ಕೆಳಗಿಡಲಿಲ್ಲ. ಮೂರೂ ಮನೆಗೆ ಒಂದೇ ದಿನ, ಹದಿನಾಲ್ಕು ದಿನಕ್ಕೆ ಮತ್ತೊಮ್ಮೆ, ನಡುವೆ ನಮ್ಮ ಹಬೆ, ಪುಡಿ, ಬಿಸಿನೀರು. ನೀರಿನ ತಕರಾರು ಬರಲಿಲ್ಲ. ಮೀನಾಕ್ಷಿ ಅವರ ಅಳಿಯ ಪಿವಿಸಿ ಪೈಪಿನ ತುದಿಗಳನ್ನೆಲ್ಲ ಸಿಲಿಕೋನ್ ಅಂಟಿನಿಂದ ಮುಚ್ಚಿದ. ಒಂದು ಭಾನುವಾರ ಮೂರು ಮನೆಯ ಮಂಚಗಳೂ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದಿದ್ದಾಗ ಅಮ್ಮ ಕುರ್ಚಿ ಹಾಕಿಸಿಕೊಂಡು ಕೂತು, ಯಾವ ಕೀಲಿನಲ್ಲಿ ಹುಡುಕಬೇಕೆಂದು ಆ ಹುಡುಗರಿಗೆ ಊರುಗೋಲಿನಿಂದ ತೋರಿಸಿಕೊಡುತ್ತಿದ್ದರು.

ಅದೇ ವಾರ ಎದುರಿನ ಶೆಡ್ಡಿಗೆ ಹೋದೆ. ಕಾವಲುಗಾರ ಯಾದಗಿರಿಯ ಕಡೆಯವನು. ನೀಲಿ ಹೂವಿನ ಹಾಸಿಗೆ ನಮ್ಮದು, ಹೇಳದೆ ತಪ್ಪು ಮಾಡಿದೆ ಎಂದೆ. ಅವನು ಸಿಟ್ಟಾಗಲಿಲ್ಲ. "ಹೌದೇನ್ರೀ ಅಕ್ಕಾರ, ನಿಮ್ಮದಾ ಅದು? ಎರಡ ರಾತ್ರಿ ಮಲಗಿದ್ವಿ ನೋಡ್ರಿ, ಮೂರನೇ ದಿನ ಸುಟ್ಟ ಹಾಕಿದ್ವಿ. ಹೊಸಾದ ಕಾಣಸ್ತಿತ್ತು, ಅದಕ್ಕ ತಂದಿದ್ವಿ" ಎಂದ. ಸ್ವಲ್ಪ ತಡೆದು, "ಹರದ ಒಗದಿದ್ರ ನಾವು ಮುಟ್ಟತಿದ್ದಿಲ್ರೀ" ಎಂದು ಸೇರಿಸಿದ. ಒಂದು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಮೇಲೆ ತಿಗಣೆ ಎಂದು ಬರೆದು ಎಸೆಯಬೇಕು ಎಂಬುದನ್ನು ನನಗೆ ಕಲಿಸಿದವನು ಅವನೇ. ಮಕ್ಕಳ ಕಾಲುಗಳನ್ನು ನೋಡಿದೆ, ಗುರುತುಗಳೇನೂ ಉಳಿದಿರಲಿಲ್ಲ. ಉಳಿದ ಸಿಲಿಕಾ ಪುಡಿಯನ್ನು ಬಳಸುವ ರೀತಿ ಹೇಳಿ ಕೊಟ್ಟು ಬಂದೆ. ಹೊಸ ಹಾಸಿಗೆ ಕೊಡಿಸುತ್ತೇನೆಂದರೆ ಬೇಡವೆಂದ, ಎರಡು ಚಾಪೆ ಮಾತ್ರ ತೆಗೆದುಕೊಂಡ.

ಕ್ಯಾಲೆಂಡರಿನಲ್ಲಿ ಏಪ್ರಿಲ್ 21ರ ಮುಂದೆ ಎರಡು ಎಂದಿದೆ. ಅದರ ಮುಂದಿನ ಭಾನುವಾರಗಳೆಲ್ಲ ಸೊನ್ನೆ. ಸೊನ್ನೆಗಳನ್ನು ಆಗಸ್ಟಿನವರೆಗೂ ಬರೆದೆ, ಏಕೆಂದರೆ ಕಾಣದಿರುವುದು ಇಲ್ಲದಿರುವುದಲ್ಲ ಎಂದು ಈ ಹುಳು ನನಗೆ ಎರಡು ಸಲ ತೋರಿಸಿಕೊಟ್ಟಿತ್ತು. ಬಟ್ಟಲುಗಳು ಈಗಲೂ ಮಂಚದ ಕೆಳಗಿವೆ. ಮಗಳು ಬಂದರೆ ಅವಳ ಚೀಲ ಬಾಲ್ಕನಿಯಲ್ಲೇ ಖಾಲಿಯಾಗುತ್ತದೆ, ಅವಳಿಗೂ ಅಭ್ಯಾಸವಾಗಿದೆ.

ಮೊನ್ನೆ ತಳ್ಳುಗಾಡಿಯವನ ಹತ್ತಿರ ಹುರುಳಿಕಾಯಿ ಆರಿಸುತ್ತಿದ್ದಾಗ ಮೀನಾಕ್ಷಿ ಅವರು ಗೇಟಿನಿಂದಲೇ, ಬೀದಿಗೆಲ್ಲ ಕೇಳುವ ಹಾಗೆ, "ಈ ವಾರ ನಿಮ್ಮ ಬಟ್ಟಲಲ್ಲಿ ಏನಾದ್ರೂ ಬಿತ್ತಾ?" ಎಂದು ಕೂಗಿದರು. "ಇಲ್ಲ, ನಿಮ್ಮಲ್ಲಿ?" ಎಂದೆ. "ಒಂದು ಜಿರಳೆ ಮರಿ" ಎಂದರು. ತರಕಾರಿಯವನು ತಕ್ಕಡಿಯನ್ನು ಕೆಳಗಿಟ್ಟು, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ತಿಗಣೆಗಾ ಅಕ್ಕಾ? ಯಾವ ಔಷಧಿ ಹೊಡೆದ್ರಿ?"

ಹುರುಳಿಕಾಯಿಯ ಚೀಲವನ್ನು ಕಟ್ಟೆಯ ಮೇಲಿಟ್ಟು, "ಔಷಧಿ ಆಮೇಲೆ ಹೇಳ್ತೀನಿ. ನಿಮ್ಮನೆ ಮಂಚ ಮರದ್ದೋ ಕಬ್ಬಿಣದ್ದೋ, ಅದು ಹೇಳಿ ಮೊದಲು" ಎಂದೆ.